ಹೊಲದ ಮೇಲೆ ಸಾಲ ಎತ್ತುವ ಮುಂಚೆ ಈ ಹಾಳೆ ಓದಿ

ವಿದೇಶದಲ್ಲಿ ಓದಬೇಕೆಂದಿರುವ ಪಿಯುಸಿ, ಡಿಗ್ರಿ ಮಕ್ಕಳೇ. ಅವರನ್ನು ಕಳಿಸಲು ಪಹಣಿ, ಬಂಗಾರ, ಪಿಎಫ್ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕುತ್ತಿರುವ ತಂದೆ-ತಾಯಂದಿರೇ,

ಒಳಗೆ ಹೋಗುವ ಮುಂಚೆ ಐದು ನಿಮಿಷ ನಿಲ್ಲಿ. ಈ ಶಿಕ್ಷಣ ಮೇಳದಲ್ಲಿ ನಿಮಗೆ ಬಣ್ಣದ ಪುಸ್ತಕ ಕೊಡುತ್ತಾರೆ, ಚೀಲ ಕೊಡುತ್ತಾರೆ, ಚಹಾ ಕೊಟ್ಟು ಕೂರಿಸಿ ಮಾತಾಡಿಸುತ್ತಾರೆ. ಆದರೆ ಮೇಜಿನ ಹಿಂದೆ ಕೂತವರು ತಾವಾಗಿ ಹೇಳದ ಒಂದು ಮಾತಿದೆ. ಅದನ್ನು ಅಚ್ಚು ಹಾಕಿಸಿ ತಂದಿದ್ದೇವೆ.

ಅಮೆರಿಕದ ಬಹುಪಾಲು ಖಾಸಗಿ ಕಾಲೇಜುಗಳಲ್ಲಿ ಹೊರದೇಶದ ಹುಡುಗನೋ ಹುಡುಗಿಯೋ "ನನಗೆ ಹಣದ ನೆರವು ಬೇಕು" ಎಂದು ಬರೆದ ಕೂಡಲೇ ಸೀಟು ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ. ಬೆರಳೆಣಿಕೆಯ ಕಾಲೇಜುಗಳಲ್ಲಿ ಮಾತ್ರ ಹಾಗಾಗುವುದಿಲ್ಲ. ಯಾವ ಕಾಲೇಜು ಯಾವ ಬಗೆಯದು ಎಂದು ತಿಳಿಯದೆ ಅರ್ಜಿ ಹಾಕಿದ ಮನೆ ಎರಡು ರೀತಿಯಲ್ಲಿ ಏಟು ತಿನ್ನುತ್ತದೆ. ಅಳತೆ ತಿಳಿಯದೆ ಕೇಳಿ ಸೀಟು ಕಳೆದುಕೊಳ್ಳುತ್ತದೆ. ಇಲ್ಲವೇ ಕೇಳಲೇಬೇಕಾದ ಹೊತ್ತಿನಲ್ಲಿ ಕೇಳದೆ, ಸೀಟು ಗೆದ್ದು, ಕಟ್ಟಲು ಹಣವಿಲ್ಲದೆ ಕೈಬಿಡುತ್ತದೆ.

ಎರಡನೆಯದು ನನ್ನ ಅಣ್ಣನ ಮನೆಯಲ್ಲೇ ಆಯಿತು. ಹುಡುಗ ಗಣಿತ ಎಂದರೆ ಊಟ ಮರೆಯುವವನು. ಅರ್ಜಿಯಲ್ಲಿ "ಹಣದ ನೆರವು ಬೇಕೆ?" ಎಂಬ ಸಾಲಿಗೆ ಏಜೆಂಟರು "ಬೇಡ" ಎಂದು ತುಂಬಿಸಿದರು. "ಮೊದಲು ಸೀಟು ಸಿಗಲಿ ಸರ್, ಹೋದ ಮೇಲೆ ಕೇಳಿದರಾಯಿತು" ಎಂದರು. ಸೀಟು ಬಂತು. ಓಣಿಗೆಲ್ಲ ಪೇಡೆ ಹಂಚಿದೆವು. ಆಮೇಲೆ ನೆರವು ಕೇಳಿ ಬರೆದಾಗ ಎರಡು ಸಾಲಿನ ಉತ್ತರ ಬಂತು: ಅರ್ಜಿ ಹಾಕುವಾಗ ಕೇಳದ ಹೊರದೇಶದ ವಿದ್ಯಾರ್ಥಿ ಮುಂದಿನ ನಾಲ್ಕು ವರ್ಷವೂ ಕೇಳುವಂತಿಲ್ಲ. ಆ ನಿಯಮ ಅವರ ಪುಟದಲ್ಲಿ ಮೊದಲಿಂದಲೂ ಇತ್ತು. ನಮ್ಮಲ್ಲಿ ಯಾರೂ ಓದಿರಲಿಲ್ಲ. ಸೀಟು ಬಂದ ಪತ್ರವನ್ನು ಅತ್ತಿಗೆ ಇನ್ನೂ ದೇವರ ಕೋಣೆಯ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ.

ಇನ್ನೊಂದು ಮನೆಯಲ್ಲಿ ಹೀಗಾಗಬಾರದು.

ಜೇಬು ನೋಡುವ ಕಾಲೇಜು, ಜೇಬು ನೋಡದ ಕಾಲೇಜು

ಮನೆಯ ಹಣಕಾಸನ್ನು ಪಕ್ಕಕ್ಕಿಟ್ಟು ಅಂಕ, ಬರಹ, ಶಿಕ್ಷಕರ ಪತ್ರ ಇಂಥವನ್ನೇ ನೋಡಿ ಸೀಟು ಕೊಡುವ ಪದ್ಧತಿಗೆ ನೀಡ್-ಬ್ಲೈಂಡ್ ಎನ್ನುತ್ತಾರೆ. ಮನೆಯವರು ಎಷ್ಟು ಕಟ್ಟಬಲ್ಲರು ಎಂಬುದನ್ನೂ ತಕ್ಕಡಿಗೆ ಹಾಕಿದರೆ ಅದು ನೀಡ್-ಅವೇರ್. ನಮ್ಮ ಮಾತಿನಲ್ಲಿ ಜೇಬು ನೋಡದ ಕಾಲೇಜು, ಜೇಬು ನೋಡುವ ಕಾಲೇಜು.

ನಾವು ಮೊದಲು ಮೋಸ ಹೋಗುವುದು ಇಲ್ಲೇ. ತಮ್ಮ ದೇಶದ ಮಕ್ಕಳ ಮಟ್ಟಿಗೆ ಜೇಬು ನೋಡದ ಕಾಲೇಜುಗಳು ಅಮೆರಿಕದಲ್ಲಿ ಬಹಳಷ್ಟಿವೆ. ಅವುಗಳಲ್ಲೇ ಹೆಚ್ಚಿನವು ನಮ್ಮ ಮಕ್ಕಳ ಅರ್ಜಿ ಬಂದಾಗ ಜೇಬು ನೋಡುತ್ತವೆ. ಸ್ಟ್ಯಾನ್‌ಫರ್ಡ್ ಹಾಗೆಯೇ ಮಾಡುತ್ತದೆ, ಮತ್ತು ಅದನ್ನು ಬಚ್ಚಿಡದೆ ಬರೆದೂ ಇದೆ. ಆದ್ದರಿಂದ "ಆ ಕಾಲೇಜು ನೀಡ್-ಬ್ಲೈಂಡ್ ಅಂತೆ" ಎಂದು ಯಾರಾದರೂ ಹೇಳಿದರೆ ಮರುಪ್ರಶ್ನೆ ಹಾಕಿ: ಯಾರಿಗೆ?

ಹೊರದೇಶದವರಿಗೂ ಜೇಬು ನೋಡದೆ ಸೀಟು ಕೊಟ್ಟು, ಸೀಟು ಕೊಟ್ಟ ಮೇಲೆ ಮನೆಯವರಿಂದ ಆಗದಷ್ಟು ಹಣವನ್ನು ಪೂರ್ತಿ ತಾವೇ ಭರಿಸುವ ಕಾಲೇಜುಗಳ ಹೆಸರು ಬರೆದುಕೊಳ್ಳಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಇದರಲ್ಲಿ ಹಳಬರು. 2022ರಲ್ಲಿ ಡಾರ್ಟ್‌ಮತ್, ಬೌಡನ್ ಈ ಸಾಲಿಗೆ ಬಂದವು. 2024ರ ಅರ್ಜಿಗಳಿಂದ ಬ್ರೌನ್ ಮತ್ತು ನೋಟರ್ ಡೇಮ್ ಸೇರಿದವು. ಪಟ್ಟಿ ಬೆಳೆದಿದೆ, ಆದರೆ ನಿಧಾನವಾಗಿ, ನಿಯಮವೂ ಬದಲಾಗಬಹುದು. ಅರ್ಜಿ ಹಾಕುವ ವರ್ಷವೇ ಕಾಲೇಜಿನ ಸ್ವಂತ ಪುಟದಲ್ಲಿ ಓದಿ ಖಚಿತ ಮಾಡಿಕೊಳ್ಳಿ.

ಈ ಹೆಸರುಗಳನ್ನು ನೋಡಿ ಮಕ್ಕಳು ಹಿಗ್ಗುವ ಮೊದಲು ಇನ್ನೊಂದು ಸತ್ಯವನ್ನೂ ಹೇಳಬೇಕು. ಎಂಐಟಿಗೆ ಹೊರದೇಶದಿಂದ ನೂರು ಅರ್ಜಿ ಹೋದರೆ ಸೀಟು ಸಿಗುವುದು ಸುಮಾರು ಎರಡಕ್ಕೆ. ಜೇಬು ನೋಡುವುದಿಲ್ಲ ಎಂದರೆ ಬಾಗಿಲು ಅಗಲವಾಗಿದೆ ಎಂದಲ್ಲ, ಬಾಗಿಲಲ್ಲಿ ಹಣ ಕೇಳುವವರಿಲ್ಲ ಎಂದಷ್ಟೇ. ಹತ್ತೂ ಅರ್ಜಿಗಳನ್ನು ಇವುಗಳಿಗೇ ಹಾಕಿ ಕೂತರೆ ಏಪ್ರಿಲ್ ಹೊತ್ತಿಗೆ ಕೈಯಲ್ಲಿ ಏನೂ ಇರದಿರಬಹುದು.

ಹಾಗಾದರೆ ಜೇಬು ನೋಡುವ ಕಾಲೇಜುಗಳನ್ನು ಬಿಟ್ಟುಬಿಡಬೇಕೆ? ಬೇಡ. ಅವು ಏಕೆ ನೋಡುತ್ತವೆ ಎಂದು ತಿಳಿದುಕೊಂಡರೆ ಅಲ್ಲಿಯೂ ದಾರಿ ಇದೆ. ಅಮೆರಿಕ ಸರ್ಕಾರ ತನ್ನ ಬಡ ಮಕ್ಕಳಿಗೆ ಕೊಡುವ ಪೆಲ್ ಗ್ರಾಂಟ್ ಆಗಲಿ, ಸರ್ಕಾರಿ ಸಾಲವಾಗಲಿ ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಸಿಗುವುದಿಲ್ಲ. ನಮ್ಮ ಮಗುವಿಗೆ ಕೊಡುವ ಪ್ರತಿ ಡಾಲರೂ ಕಾಲೇಜಿನ ಸ್ವಂತ ನಿಧಿಯಿಂದ ಬರಬೇಕು. ಹಾರ್ವರ್ಡಿನ ನಿಧಿ 5,000 ಕೋಟಿ ಡಾಲರಿಗೂ ಮೇಲೆ, ಅದು ಭರಿಸೀತು. ಎರಡು ಸಾವಿರ ಮಕ್ಕಳಿರುವ ಸಣ್ಣ ಕಾಲೇಜು ವರ್ಷಕ್ಕೆ ಇಷ್ಟೇ ಹಣ ಎಂದು ಹೊರದೇಶದವರಿಗಾಗಿ ತೆಗೆದಿಡುತ್ತದೆ. ಆಯ್ಕೆಯ ಕೊನೆಯ ಸುತ್ತಿನಲ್ಲಿ ಇಬ್ಬರು ಸಮಸಮ ನಿಂತಿದ್ದಾರೆ ಎಂದುಕೊಳ್ಳಿ. ಒಬ್ಬಳಿಗೆ ವರ್ಷಕ್ಕೆ 10,000 ಡಾಲರ್ ಸಾಕು, ಇನ್ನೊಬ್ಬನಿಗೆ 70,000 ಬೇಕು. ಇವನೊಬ್ಬನ ಹಣದಲ್ಲಿ ಅವಳಂಥ ಏಳು ಮಂದಿಯನ್ನು ಸೇರಿಸಬಹುದು. ಹುಡುಗ ಕಡಿಮೆ ಜಾಣನೆಂದು ಯಾರೂ ಅನ್ನುವುದಿಲ್ಲ. ಕಾಲೇಜಿನ ಗಂಟು ಬರಿದಾಗಿರುತ್ತದೆ, ಅಷ್ಟೆ. ಸೀಟು ಸಿಗಲಿಲ್ಲವೆಂದು ಮನೆಯಲ್ಲಿ ಮುಖ ಬಾಡಿಸಿಕೊಂಡು ಕೂತ ಮಕ್ಕಳಿಗೆ ಈ ಮಾತನ್ನು ತಿಳಿಸಿ ಹೇಳಿ. ಎಷ್ಟೋ ಮಕ್ಕಳು ಇದನ್ನು ತಮ್ಮ ಸೋಲು ಎಂದೇ ತಿಳಿದು ಒಳಗೊಳಗೇ ಕೊರಗುತ್ತಾರೆ.

ಇಂಥ ಕಾಲೇಜುಗಳಲ್ಲೂ ಎರಡು ಬಗೆ. ಸ್ಟ್ಯಾನ್‌ಫರ್ಡ್, ಸ್ವಾರ್ತ್‌ಮೋರ್, ಹೆಣ್ಣುಮಕ್ಕಳ ಮೌಂಟ್ ಹೋಲಿಯೋಕ್ ಇವು ಜೇಬು ನೋಡಿಯೇ ಆರಿಸುತ್ತವೆ, ಆದರೆ ಆರಿಸಿದ ಮೇಲೆ ಪೂರ್ತಿ ಕೊರತೆ ತುಂಬುತ್ತವೆ. ಬೇರೆ ಕೆಲವು ಕಾಲೇಜುಗಳು ಸೀಟನ್ನೂ ಕೊಡುತ್ತವೆ, ಒಂದಿಷ್ಟು ನೆರವನ್ನೂ ಕೊಡುತ್ತವೆ, ನಡುವೆ ಇಪ್ಪತ್ತು ಮೂವತ್ತು ಲಕ್ಷದ ಕಂದಕ ಬಿಡುತ್ತವೆ. ಆ ಕಂದಕದಲ್ಲಿ ಬೀಳುವುದು ಮನೆಯ ಹೊಲ.

ಇನ್ನು ಬರ್ಕ್ಲಿ, ಲಾಸ್ ಏಂಜಲೀಸ್‌ನಂಥ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳು. ಅಲ್ಲಿ ಸೀಟು ಕೊಡುವಾಗ ಜೇಬು ನೋಡುವುದಿಲ್ಲ. ಹೊರದೇಶದ ಪದವಿ ವಿದ್ಯಾರ್ಥಿಗೆ ಬಡತನ ನೋಡಿ ಕೊಡುವ ಹಣವೂ ಅಲ್ಲಿ ಇಲ್ಲದಷ್ಟೇ ಕಡಿಮೆ. ಸೀಟು ಬಂದರೂ ಹಣ ನಿಮ್ಮದೇ.

ಬಂದದ್ದು ಎಷ್ಟು ಎಂದಲ್ಲ, ಉಳಿದದ್ದು ಎಷ್ಟು ಎಂದು ಕೇಳಿ

"ನಿಮ್ಮ ಮಗಳಿಗೆ 15,000 ಡಾಲರ್ ಸ್ಕಾಲರ್‌ಶಿಪ್ ಬಂದಿದೆ!" ಫೋನಿನಲ್ಲಿ ಈ ಮಾತು ಕೇಳಿದ ತಂದೆಯ ಕಣ್ಣಲ್ಲಿ ನೀರು ಬರುತ್ತದೆ. ತಡೆಯಿರಿ. ಆ ಕಾಲೇಜಿನ ಒಟ್ಟು ಖರ್ಚು ವರ್ಷಕ್ಕೆ 50,000 ಡಾಲರ್ ಆಗಿದ್ದರೆ ನಿಮಗೆ ಉಳಿಯುವುದು 35,000. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 29 ಲಕ್ಷ 75 ಸಾವಿರ. ನಾಲ್ಕು ವರ್ಷಕ್ಕೆ 1 ಕೋಟಿ 19 ಲಕ್ಷ. ಶುಲ್ಕ ಏರದಿದ್ದರೆ, ರೂಪಾಯಿ ಇಳಿಯದಿದ್ದರೆ ಇಷ್ಟು. ಅವೆರಡೂ ಆಗದ ವರ್ಷ ಅಪರೂಪ.

ಈಗ ಇನ್ನೊಂದು ಲೆಕ್ಕ ನೋಡಿ. ಹಾರ್ವರ್ಡಿನ ಒಂದು ವರ್ಷದ ಖರ್ಚು 80,000 ಡಾಲರಿಗೂ ಹೆಚ್ಚು, ಅಂದರೆ 68 ಲಕ್ಷಕ್ಕೂ ಮೇಲೆ. ಅಂಕಿ ನೋಡಿದರೇ ಎದೆ ಧಸಕ್ ಎನ್ನುತ್ತದೆ. ಆದರೆ 2025-26ರಿಂದ, ವರ್ಷದ ವರಮಾನ ಒಂದು ಲಕ್ಷ ಡಾಲರಿಗಿಂತ ಕಡಿಮೆಯಿದ್ದು ಆಸ್ತಿಯೂ ಸಾಮಾನ್ಯ ಮಟ್ಟದ್ದಾಗಿದ್ದರೆ ಆ ಮನೆಯವರು ಬೋಧನಾ ಶುಲ್ಕ, ವಸತಿ, ಊಟ ಯಾವುದಕ್ಕೂ ಕಟ್ಟಬೇಕಾಗಿಲ್ಲ ಎಂದು ಅದೇ ಹಾರ್ವರ್ಡ್ ಘೋಷಿಸಿದೆ. ಎಂಐಟಿಯೂ ಆ ವರ್ಷದಿಂದ ಇಂಥದೇ ನಿಯಮ ತಂದಿತು. ಒಂದು ಲಕ್ಷ ಡಾಲರ್ ಎಂದರೆ ಅದೇ ಲೆಕ್ಕದಲ್ಲಿ 85 ಲಕ್ಷ ರೂಪಾಯಿ. ನಮ್ಮ ಹೋಬಳಿಯಲ್ಲಿ ವರ್ಷಕ್ಕೆ ಅಷ್ಟು ವರಮಾನವಿರುವ ಮನೆ ಎಷ್ಟಿವೆ ಹೇಳಿ? ಹೆಸರು ಕೇಳಿಯೇ "ಅದು ದೊಡ್ಡವರಿಗೆ" ಎಂದು ಬಿಟ್ಟ ಕಾಲೇಜು, ಸೀಟು ಸಿಕ್ಕರೆ, ಊರಿನ ಹಾಸ್ಟೆಲಿಗಿಂತ ಅಗ್ಗವಾದೀತು. ಹೆಸರೇ ಕೇಳದ ಕಾಲೇಜು ಸ್ಕಾಲರ್‌ಶಿಪ್ ಕೊಟ್ಟೂ ಮನೆ ಮಾರಿಸೀತು. ಇಷ್ಟೊಂದು ತಲೆಕೆಳಗಾದ ಲೆಕ್ಕ ಇದು. ಅದಕ್ಕೇ ಬಾಯಿಮಾತಿನಲ್ಲಿ ಬಿಡದೆ ಅಚ್ಚು ಹಾಕಿಸಿದ್ದೇವೆ.

ಕೆಂಟಕಿ ರಾಜ್ಯದ ಬೆರಿಯಾ ಕಾಲೇಜಿನ ಬಗ್ಗೆಯೂ ತಿಳಿದಿರಿ. ಗುಲಾಮಗಿರಿಯ ವಿರುದ್ಧ ನಿಂತ ಪಾದ್ರಿ ಜಾನ್ ಫೀ 1855ರಲ್ಲಿ ಕಟ್ಟಿದ ಕಾಲೇಜು. ಅಲ್ಲಿ ಯಾವ ವಿದ್ಯಾರ್ಥಿಯಿಂದಲೂ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಎಲ್ಲರೂ ಓದಿನ ಜೊತೆಗೆ ವಾರಕ್ಕೆ ಕನಿಷ್ಠ ಹತ್ತು ಗಂಟೆ ಕಾಲೇಜಿನಲ್ಲೇ ದುಡಿಯಬೇಕು. ಹೊರದೇಶದವರಿಗೆ ಸೀಟು ತೀರ ಕಡಿಮೆ, ಆದರೆ ಇವೆ. ನಮ್ಮ ಮಠಗಳ ಪ್ರಸಾದ ನಿಲಯದಲ್ಲಿ ಓದಿ, ಅಡುಗೆಮನೆಯಲ್ಲಿ ಕೈಜೋಡಿಸಿ ಬೆಳೆದವರಿಗೆ ಆ ಕಾಲೇಜಿನ ರೀತಿ ಬೇಗ ಅರ್ಥವಾಗುತ್ತದೆ.

ಎಂಎಸ್‌ಗೆ ಹೊರಟವರಿಗೆ ಬೇರೆ ಮಾತು

2023-24ರಲ್ಲಿ ಅಮೆರಿಕದಲ್ಲಿದ್ದ ಭಾರತದ ವಿದ್ಯಾರ್ಥಿಗಳು 3,31,602. ಬೇರೆ ಯಾವ ದೇಶದವರೂ ಅಷ್ಟಿರಲಿಲ್ಲ. ಅವರಲ್ಲಿ ಸ್ನಾತಕೋತ್ತರ ಮಟ್ಟದಲ್ಲಿ ಓದುವವರು 1,96,567. ಪದವಿ ಓದುವವರು 36,053 ಮಾತ್ರ. ಅಂದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೋಗುವುದು ಇಂಜಿನಿಯರಿಂಗ್ ಮುಗಿಸಿ, ಎಂಎಸ್‌ಗೆ, ಸಾಲ ಮಾಡಿ.

ಎಂಎಸ್ ಸೀಟು ಕೊಡುವಾಗ ಸಾಮಾನ್ಯವಾಗಿ ಜೇಬಿನ ಪ್ರಶ್ನೆ ಬರುವುದಿಲ್ಲ. ಬಡತನ ನೋಡಿ ಕೊಡುವ ನೆರವೂ ಅಲ್ಲಿ ಹೆಚ್ಚೇನಿಲ್ಲ. ಕಟ್ಟುವವರಿಗಾಗಿಯೇ ನಡೆಯುವ ಕೋರ್ಸುಗಳು ಎಷ್ಟೋ ಇವೆ. ಪಿಎಚ್‌ಡಿ ಹಾಗಲ್ಲ. ಒಳ್ಳೆಯ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ಇಂಜಿನಿಯರಿಂಗ್ ಪಿಎಚ್‌ಡಿ ಸೀಟು ಸಿಕ್ಕರೆ ಶುಲ್ಕ ಮಾಫಿಯಾಗುತ್ತದೆ, ಪಾಠ ಹೇಳಿದ್ದಕ್ಕೋ ಲ್ಯಾಬಿನಲ್ಲಿ ದುಡಿದದ್ದಕ್ಕೋ ತಿಂಗಳ ಖರ್ಚಿಗೆ ಹಣವೂ ಬರುತ್ತದೆ. ಸಂಶೋಧನೆಯ ಹುಚ್ಚು ನಿಜವಾಗಿ ಇರುವ ಹುಡುಗಿಯನ್ನು "ಮೊದಲು ಎಂಎಸ್ ಮಾಡು" ಎಂದು ಸಾಲಕ್ಕೆ ತಳ್ಳಬೇಡಿ. ಬಿಇ ಮುಗಿಸಿ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಲು ಅಲ್ಲಿನ ಬಹಳಷ್ಟು ವಿಭಾಗಗಳಲ್ಲಿ ಅವಕಾಶವಿದೆ.

ಸಾಲವೇ ದಾರಿ ಎಂದಾದರೆ ಕಣ್ಣು ಬಿಟ್ಟು ಸಾಲ ಮಾಡಿ. 40 ಲಕ್ಷ, ಶೇಕಡಾ 11ರ ಬಡ್ಡಿ, ಹತ್ತು ವರ್ಷದ ಕಂತು ಎಂದರೆ ತಿಂಗಳಿಗೆ ಸುಮಾರು 55,000 ರೂಪಾಯಿ. ಕೆಲಸ ಅಮೆರಿಕದಲ್ಲಿ ಸಿಕ್ಕರೆ ಅದು ಹಗುರ. ಕೆಲಸ ಸಿಗದೆ ಮಗ ಊರಿಗೆ ಮರಳಿದರೆ ಆ ಕಂತನ್ನು ಬೆಂಗಳೂರಿನ ಮೊದಲ ಸಂಬಳದಲ್ಲಿ ಕಟ್ಟಬಹುದೇ? ಈ ಲೆಕ್ಕವನ್ನು ಬ್ಯಾಂಕಿನವರ ಎದುರಿಗಲ್ಲ, ರಾತ್ರಿ ಊಟವಾದ ಮೇಲೆ ಮಕ್ಕಳನ್ನೂ ಕೂರಿಸಿಕೊಂಡು ಹಾಕಿ. "ಅಲ್ಲಿ ಪಾರ್ಟ್‌ಟೈಮ್ ಮಾಡಿ ಫೀ ಕಟ್ಟಬಹುದು" ಎಂಬ ಮಾತನ್ನು ನಂಬಬೇಡಿ. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವ ತಿಂಗಳುಗಳಲ್ಲಿ ಕ್ಯಾಂಪಸ್ಸಿನ ಒಳಗೆ ವಾರಕ್ಕೆ 20 ಗಂಟೆಯವರೆಗೆ ಮಾತ್ರ ದುಡಿಯಬಹುದು. ಅದರಿಂದ ದಿನಸಿ ಬಂದೀತು, ಫೀ ಬಾರದು.

ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತದೆ, ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ಇದಲ್ಲದೆ ವರ್ಷದ ಖರ್ಚಿಗೆಂದು ಸುಮಾರು 12,000 ಯೂರೋ ಮೊದಲೇ ಖಾತೆಯಲ್ಲಿ ಕಟ್ಟಿ ತೋರಿಸಬೇಕು. "ಜರ್ಮನಿ ಫ್ರೀ" ಎಂದವರಿಗೆ ಇಷ್ಟನ್ನು ಕೇಳಿ.

ಕೇಳುವುದಕ್ಕೆ ನಾಚಬೇಡಿ

ನಮ್ಮ ಜನಕ್ಕೆ ಒಂದು ಸಂಕೋಚವಿದೆ. ಕೈ ಚಾಚಿದರೆ ಮರ್ಯಾದೆ ಹೋಗುತ್ತದೆ ಎಂಬ ಸಂಕೋಚ. ಅರ್ಜಿಯಲ್ಲಿ "ನೆರವು ಬೇಡ" ಎಂದು ಬರೆಸುವುದು ಎಷ್ಟೋ ಸಲ ಏಜೆಂಟರಲ್ಲ, ಈ ಸಂಕೋಚವೇ.

1913ರಲ್ಲಿ ಭೀಮರಾವ್ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ. ತಿಂಗಳಿಗೆ ಹನ್ನೊಂದೂವರೆ ಪೌಂಡ್. ಮುಂದೆ ಲಂಡನ್ನಿಗೆ ಹೋಗಿ ಓದುತ್ತಿರುವಾಗ ವೇತನದ ಅವಧಿ ಮುಗಿಯಿತು. 1917ರಲ್ಲಿ ಪ್ರಬಂಧವನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಮೂರು ವರ್ಷ ದುಡಿದು, ಉಳಿಸಿ, ಗೆಳೆಯ ನವಲ್ ಭಥೇನಾರಿಂದ ಸಾಲ ಪಡೆದು, ಕೊಲ್ಲಾಪುರದ ಶಾಹೂ ಮಹಾರಾಜರ ನೆರವಿನಿಂದ 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿದರು. ಅಂಥ ಮೇಧಾವಿಯ ಓದು ಕೂಡ ಹಣ ನಿಂತಾಗ ನಿಂತಿತು. ಅವರು ಕೇಳಿದರು. ಕೇಳಿ, ಪಡೆದು, ಓದಿ ಬಂದರು.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ ಗಿರೀಶ ಕಾರ್ನಾಡರು 1960ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ರೋಡ್ಸ್ ವಿದ್ಯಾರ್ಥಿವೇತನದಲ್ಲಿ. ಮೈಸೂರಿನ ಎ. ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾಕ್ಕೆ ಹೋದದ್ದು ಫುಲ್‌ಬ್ರೈಟ್ ನೆರವಿನಲ್ಲಿ. ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ ಓದಿ 1966ರಲ್ಲಿ ಡಾಕ್ಟರೇಟ್ ಪಡೆದರು. ಈ ಮೂರೂ ವೇತನಗಳು ಇವತ್ತಿಗೂ ಇವೆ. ವಾರಾನ್ನ ಉಂಡು ಓದಿದ ಹಿರಿಯರ ನಾಡು ಇದು. ಏಳು ಮನೆಯ ಅನ್ನ ಉಂಡವರು ತಲೆ ತಗ್ಗಿಸಿ ಬದುಕಲಿಲ್ಲ.

ನಮ್ಮ ಸರ್ಕಾರದ ಹಣವನ್ನೂ ಕೇಳಿ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ವಿದೇಶ ವ್ಯಾಸಂಗಕ್ಕೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ಇದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಹೀನ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಇಡೀ ದೇಶಕ್ಕೆ ವರ್ಷಕ್ಕೆ 125 ಮಂದಿಗೆ ಸಿಗುವ ಈ ವೇತನಕ್ಕೆ ಮನೆಯ ವರಮಾನ 8 ಲಕ್ಷ ಮೀರಿರಬಾರದು. ಸ್ನಾತಕೋತ್ತರ, ಪಿಎಚ್‌ಡಿಗೆ ಮಾತ್ರ. 125 ಸೀಟು ಈ ದೇಶಕ್ಕೆ ಸಾಲದು ಎಂದು ಶಾಸಕರಿಗೆ, ಸಂಸದರಿಗೆ ಬರೆಯಿರಿ. ಇನ್ನೊಂದು ಮಾತನ್ನೂ ಬರೆಯಿರಿ: ವೇತನ ಮಂಜೂರಾದದ್ದು ವಿಶ್ವವಿದ್ಯಾಲಯ ಸೇರುವ ದಿನಾಂಕ ದಾಟಿದ ಮೇಲೆ ತಿಳಿದರೆ ಅದು ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ. ಆಯ್ಕೆ ಪಟ್ಟಿ ಜೂನ್ ಒಳಗೆ ಹೊರಬೀಳಬೇಕು. ಇದು ನಮ್ಮ ಬೇಡಿಕೆ.

ಕಾಗದ ಪತ್ರ

ರೈತರ ಮನೆಯವರು ಹೆಚ್ಚು ಕೇಳುವ ಪ್ರಶ್ನೆ: "ನಾವು ಐಟಿ ರಿಟರ್ನ್ ಸಲ್ಲಿಸುವುದಿಲ್ಲ, ನಮಗೆ ನೆರವು ಕೊಡುತ್ತಾರೆಯೇ?" ಅದೊಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಪಹಣಿ, ಬ್ಯಾಂಕ್ ಪಾಸ್‌ಬುಕ್, ಬೆಳೆ ಸಾಲದ ಕಾಗದ, ಎಪಿಎಂಸಿ ಚೀಟಿ ಇವೇ ನಿಮ್ಮ ದಾಖಲೆ. ಇಂಗ್ಲಿಷ್ ಅನುವಾದ ಜೊತೆಗಿಡಿ. ಬಹಳಷ್ಟು ಖಾಸಗಿ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿ ಕೇಳುತ್ತವೆ. ಅದು ಪ್ರತಿ ವರ್ಷ ಅಕ್ಟೋಬರ್ 1ರಂದು ತೆರೆಯುತ್ತದೆ. ಅದರಲ್ಲಿ ರೂಪಾಯಿಯಲ್ಲೇ ತುಂಬಬಹುದು. ತುಂಬಲು ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಪ್ರತಿ ಕಾಲೇಜಿಗೆ 16 ಡಾಲರ್. ಅದೂ ಕಷ್ಟವಾದರೆ ಕಾಲೇಜಿನ ನೆರವು ಕಚೇರಿಗೆ ಇಮೇಲ್ ಬರೆದು ಮಾಫಿ ಕೇಳಿ. ಬೇರೆ ಉಚಿತ ಫಾರಂ ಕೊಡುವ ಕಾಲೇಜುಗಳೂ ಇವೆ. ಅರ್ಜಿ ಶುಲ್ಕದ ಮಾಫಿಯನ್ನೂ ಕೇಳಬಹುದು.

ಮನೆಯ ವಿಶೇಷ ಪರಿಸ್ಥಿತಿ ಬರೆಯಲು ಜಾಗ ಕೊಟ್ಟಿರುತ್ತಾರೆ. ಅದನ್ನು ಖಾಲಿ ಬಿಡಬೇಡಿ. ಎರಡು ವರ್ಷ ಮಳೆ ಕೈಕೊಟ್ಟದ್ದು, ಬೋರ್‌ವೆಲ್ ಬತ್ತಿದ್ದು, ಅಜ್ಜಿಯ ಆಸ್ಪತ್ರೆ ಖರ್ಚು, ಅಕ್ಕನ ಮದುವೆಯ ಸಾಲ, ಅಪ್ಪನ ಹೆಸರಲ್ಲಿರುವ ನಾಲ್ಕು ಎಕರೆಯಲ್ಲಿ ಚಿಕ್ಕಪ್ಪಂದಿರಿಗೂ ಪಾಲಿದೆ ಎಂಬುದು, ಇವೆಲ್ಲ ನ್ಯೂಯಾರ್ಕಿನಲ್ಲಿ ಕೂತ ಅಧಿಕಾರಿಗೆ ಕಾಗದದ ಮೇಲೆ ಕಾಣುವುದಿಲ್ಲ. ನೀವು ಹೇಳಿದರೆ ಗೊತ್ತು.

ಆದರೆ ಸುಳ್ಳು ಬರೆಯಬೇಡಿ. ಕಡಿಮೆ ವರಮಾನದ ಸುಳ್ಳು ಪ್ರಮಾಣಪತ್ರ ಬೇಡ. ಖಾತೆಯಲ್ಲಿ ಎರಡು ವಾರ ಹಣ ತುಂಬಿ ತೋರಿಸಿ ಬಡ್ಡಿ ವಸೂಲು ಮಾಡುವವರ ಸಹವಾಸವಂತೂ ಬೇಡವೇ ಬೇಡ. ವೀಸಾಕ್ಕೆ ಸುಳ್ಳು ದಾಖಲೆ ಕೊಟ್ಟದ್ದು ಸಿಕ್ಕಿಬಿದ್ದರೆ ಅಮೆರಿಕದ ಕಾನೂನಿನಲ್ಲಿ ಆ ಮಗುವಿಗೆ ಆ ದೇಶದ ಬಾಗಿಲು ಜೀವಮಾನಕ್ಕೆ ಮುಚ್ಚಬಹುದು. ನಿಜವಾಗಿ ನೆರವು ಸಿಕ್ಕಿದ್ದರೆ ಕಾಲೇಜು ಕೊಡುವ ಐ-20 ಫಾರಂನಲ್ಲಿ ಆ ಮೊತ್ತ ನಮೂದಾಗಿರುತ್ತದೆ. ವೀಸಾ ಅಧಿಕಾರಿಯ ಎದುರು ಅದೇ ನಿಮ್ಮ ಬಲ.

ಕಾಲದ ಲೆಕ್ಕವೂ ಇದೆ. ಅಮೆರಿಕದ ಕಾಲೇಜುಗಳ ಅರ್ಜಿ ದಿನಾಂಕ ನವೆಂಬರಿನಿಂದ ಜನವರಿಯ ನಡುವೆ ಬರುತ್ತದೆ. ನಮ್ಮ ಮಕ್ಕಳು ಆಗ ಸೆಕೆಂಡ್ ಪಿಯುಸಿಯ ನಡುವಿನಲ್ಲಿರುತ್ತಾರೆ. ಫಲಿತಾಂಶ ಬಂದ ಮೇಲೆ ಯೋಚಿಸಿದರೆ ಒಂದು ವರ್ಷ ಹೋಯಿತು. ಫಸ್ಟ್ ಪಿಯುಸಿಯಲ್ಲೇ ಶುರು ಮಾಡಿ. ಒಂಬತ್ತನೇ ತರಗತಿಯಿಂದ ಅಂಕಪಟ್ಟಿ ಕೇಳುತ್ತಾರೆ, ಹೈಸ್ಕೂಲಿನಲ್ಲಿ ಈಗಲೇ ತೆಗೆಸಿಡಿ. ಆದರೆ ಸಿಇಟಿ ಬರೆಯುವುದನ್ನು ಮಾತ್ರ ಬಿಡಬೇಡಿ. 2025ರ ಮೇ ಕೊನೆಯಲ್ಲಿ ಅಮೆರಿಕ ವಿದ್ಯಾರ್ಥಿ ವೀಸಾ ಸಂದರ್ಶನಕ್ಕೆ ಹೊಸ ದಿನಾಂಕ ಕೊಡುವುದನ್ನೇ ಕೆಲವು ವಾರ ನಿಲ್ಲಿಸಿತ್ತು. ಕೈಯಲ್ಲಿ ಇಲ್ಲಿನ ಸೀಟು ಇದ್ದವರು ನಿದ್ದೆ ಮಾಡಿದರು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂತೆ ವರಮಾನ ನೋಡಿ ಶುಲ್ಕ ಕಡಿಮೆ ಮಾಡುವ ಕಡೆಗಳು ನಮ್ಮಲ್ಲೇ ಇವೆ ಎಂಬುದೂ ನೆನಪಿರಲಿ.

ಮೇಜಿನ ಹಿಂದೆ ಕೂತವರಿಗೆ ಕೂಲಿ ಕೊಡುವವರು ಯಾರು?

ಅಮೆರಿಕ ಸರ್ಕಾರದ ನೆರವು ಪಡೆಯುವ ಕಾಲೇಜುಗಳು, ಆ ದೇಶದ ಮಕ್ಕಳನ್ನು ಸೇರಿಸಿದ್ದಕ್ಕೆ ತಲೆಗಿಷ್ಟು ಎಂದು ಕಮಿಷನ್ ಕೊಡುವಂತಿಲ್ಲ. ಅಲ್ಲಿನ ಕಾನೂನು ಅದನ್ನು ನಿಷೇಧಿಸಿದೆ. ಸರ್ಕಾರಿ ನೆರವಿಗೆ ಅರ್ಹರಲ್ಲದ ಹೊರದೇಶದ ಮಕ್ಕಳ ವಿಷಯದಲ್ಲಿ ಆ ನಿಷೇಧಕ್ಕೆ ವಿನಾಯಿತಿ ಇದೆ. ತಮ್ಮ ಮಕ್ಕಳಿಗೆ ತಪ್ಪು ಎಂದು ಕಂಡದ್ದು ನಮ್ಮ ಮಕ್ಕಳಿಗೆ ನಡೆಯುತ್ತದೆ ಎಂದಾಯಿತು. ಉಚಿತ ಸಲಹೆ ಎಂಬ ಫಲಕದ ಹಿಂದೆ ಎಷ್ಟೋ ಸಲ ಈ ಕಮಿಷನ್ ಇರುತ್ತದೆ. ಪೂರ್ತಿ ನೆರವು ಕೊಡುವ ಕಾಲೇಜಿಗೆ ನಿಮ್ಮನ್ನು ಕಳಿಸಿದರೆ ಅವರಿಗೆ ಬರುವುದು ಏನೂ ಇಲ್ಲ. ಪೂರ್ತಿ ಫೀ ಕಟ್ಟಿಸಿಕೊಳ್ಳುವ ಕಾಲೇಜಿಗೆ ಕಳಿಸಿದರೆ ಇದೆ. ಪ್ರಾಮಾಣಿಕ ಸಲಹೆಗಾರರು ಇಲ್ಲವೆಂದಲ್ಲ, ಇದ್ದಾರೆ. ಅಂಥವರು ಕಮಿಷನ್ ಎಷ್ಟೆಂದು ಬರೆದುಕೊಡಲು ಹಿಂಜರಿಯುವುದಿಲ್ಲ. ಹಣದ ಆಸೆಯಿಲ್ಲದ ಸಲಹೆ ಬೇಕೆಂದರೆ ಅಮೆರಿಕ ಸರ್ಕಾರದ ಎಜುಕೇಶನ್‌ಯುಎಸ್‌ಎ ಕೇಂದ್ರಗಳಿವೆ, ಬೆಂಗಳೂರಿನಲ್ಲೂ ಇದೆ.

ಇವತ್ತು ನೀವು ಮಾಡಬೇಕಾದದ್ದು

ಒಳಗೆ ಹೋಗಿ. ಚಹಾ ಕುಡಿಯಿರಿ, ಚೀಲವನ್ನೂ ತೆಗೆದುಕೊಳ್ಳಿ. ಪ್ರತಿ ಮೇಜಿನಲ್ಲೂ ಕೇಳಿ: ನನ್ನ ಮಗು ನೆರವು ಕೇಳಿದರೆ ಸೀಟಿನ ಸಾಧ್ಯತೆ ಕಡಿಮೆಯಾಗುತ್ತದೆಯೇ? ಸೀಟು ಕೊಟ್ಟರೆ ಪೂರ್ತಿ ಕೊರತೆ ತುಂಬುತ್ತೀರಾ, ನಾಲ್ಕೂ ವರ್ಷ? ಮೊದಲ ವರ್ಷ ಕೇಳದಿದ್ದರೆ ಮುಂದೆ ಕೇಳಬಹುದೇ? ಕಳೆದ ವರ್ಷ ಹೊರದೇಶದ ಎಷ್ಟು ಮಕ್ಕಳಿಗೆ ನೆರವು ಕೊಟ್ಟಿರಿ? ನಮ್ಮನ್ನು ಸೇರಿಸಿದರೆ ಏಜೆಂಟರಿಗೆ ಎಷ್ಟು ಕೊಡುತ್ತೀರಿ? "ಅದೆಲ್ಲ ಆಮೇಲೆ ನೋಡೋಣ" ಎಂದರೆ ಎದ್ದು ಮುಂದಿನ ಮೇಜಿಗೆ ಹೋಗಿ. ಮುಂಗಡ ಕೇಳಿದರೆ ಇವತ್ತು ಒಂದು ರೂಪಾಯಿಯನ್ನೂ ಕೊಡಬೇಡಿ.

ಪಿಯು ಕಾಲೇಜುಗಳ ಪ್ರಾಂಶುಪಾಲರೇ, ಉಪನ್ಯಾಸಕರೇ, ನಿಮ್ಮಲ್ಲೂ ಒಂದು ಕೋರಿಕೆ. ವರ್ಷಕ್ಕೆ ಒಬ್ಬಳೋ ಇಬ್ಬರೋ ಮಕ್ಕಳು ಶಿಫಾರಸು ಪತ್ರ, ಅಂಕಪಟ್ಟಿಯ ದೃಢೀಕರಣ ಕೇಳಿಕೊಂಡು ಬರುತ್ತಾರೆ. "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲಮ್ಮ" ಎಂದು ವಾಪಸು ಕಳಿಸಬೇಡಿ. ಅರ್ಧ ಗಂಟೆಯ ಕೆಲಸ ಅದು. ಆ ಪತ್ರವನ್ನು ಆ ಹುಡುಗಿ ತಾನೇ ಬರೆದುಕೊಳ್ಳುವಂತಿಲ್ಲ, ಬೇರೆ ಯಾರೂ ಬರೆಯುವಂತಿಲ್ಲ.

ಓಣಿಯಲ್ಲಿ, ಹಳ್ಳಿಯಲ್ಲಿ ವಿದೇಶದ ಓದಿನ ಮಾತು ನಡೆದಿರುವ ನಾಲ್ಕೈದು ಮನೆಯವರು ಈ ಭಾನುವಾರ ಒಂದು ಕಡೆ ಸೇರಿ. ಗ್ರಂಥಾಲಯವಾದರೂ ಸರಿ, ಗುಡಿಯ ಕಟ್ಟೆಯಾದರೂ ಸರಿ. ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬರನ್ನು ಕರೆಯಿರಿ. ಮಕ್ಕಳು ಬರೆದುಕೊಂಡಿರುವ ಕಾಲೇಜುಗಳ ಪುಟಗಳನ್ನು ಮೊಬೈಲಿನಲ್ಲಿ ತೆರೆದು, ಹೊರದೇಶದ ವಿದ್ಯಾರ್ಥಿಗಳ ನೆರವಿನ ನಿಯಮವನ್ನು ಗಟ್ಟಿಯಾಗಿ ಓದಿಸಿ, ಕನ್ನಡದಲ್ಲಿ ಹೇಳಿಸಿ. ಅಮ್ಮಂದಿರೂ ಕೂತು ಕೇಳಬೇಕು. ಬಂಗಾರ ಅವರದು.

ಈ ಹಾಳೆಯ ಹಿಂಬದಿಯನ್ನು ಖಾಲಿ ಬಿಟ್ಟಿದ್ದೇವೆ. ಕಾಲೇಜಿನ ಹೆಸರು, ನೀವು ಕೇಳಿದ ಪ್ರಶ್ನೆ, ಅವರು ಕೊಟ್ಟ ಉತ್ತರ ಅಲ್ಲಿ ಬರೆದುಕೊಳ್ಳಿ, ಸಾಧ್ಯವಾದರೆ ಅವರ ಸಹಿಯನ್ನೂ ಹಾಕಿಸಿ. ಹೊರಬರುವಾಗ ನಮಗೆ ತೋರಿಸಿ, ಫೋಟೊ ತೆಗೆದುಕೊಂಡು ಹಾಳೆಯನ್ನು ನಿಮಗೇ ಮರಳಿಸುತ್ತೇವೆ. ಎಲ್ಲ ಉತ್ತರಗಳನ್ನು ಒಟ್ಟುಗೂಡಿಸಿ ಮುಂದಿನ ಕರಪತ್ರದಲ್ಲಿ ಅಚ್ಚು ಹಾಕಿಸುತ್ತೇವೆ. ಸಂಜೆ ಆರರವರೆಗೆ ಇದೇ ಗೇಟಿನ ಬೇವಿನ ಮರದ ಕೆಳಗೆ ಇರುತ್ತೇವೆ.